ಜಿನೋವಿಯೆವ್ ಲೆಕ್ಕ ತಪ್ಪಿದ್ದೆಲ್ಲಿ?

ಮಾನ್ಯ ಸಂಪಾದಕರೇ,

ರಷ್ಯಾ ಕ್ರಾಂತಿಯ ನಾಯಕರನ್ನು ಕುರಿತ ತಮ್ಮ ಲೇಖನಮಾಲೆಯಲ್ಲಿ ಗ್ರಿಗೋರಿ ಜಿನೋವಿಯೆವ್ ಬಗ್ಗೆ ಬಂದ ಬರಹಕ್ಕೆ ಈ ಪ್ರತಿಕ್ರಿಯೆ. ಲೆನಿನ್, ಟ್ರಾಟ್‌ಸ್ಕಿ, ಸ್ಟಾಲಿನ್ ಎಂಬ ಮೂರು ಹೆಸರುಗಳ ನಡುವೆ ಮರೆತೇ ಹೋದ ಈ ಮನುಷ್ಯನಿಗೆ ಇಡೀ ಒಂದು ಪುಟ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಲೇಖಕರು ಅವನ ಪತನಕ್ಕೆ ಮೂರು ಕಾರಣ ಹೇಳಿ ಕೈತೊಳೆದುಕೊಂಡಿದ್ದಾರೆ. ಅವನು ಪುಕ್ಕಲ, ಸ್ಟಾಲಿನ್ ಕಪಟಿ, 1917ರ ಅಕ್ಟೋಬರ್‌ನಲ್ಲಿ ಲೆನಿನ್‌ಗೆ ಎದುರು ನಿಂತ ಪಾಪ 19 ವರ್ಷಗಳ ನಂತರ, 1936ರಲ್ಲಿ, ಮರಣದಂಡನೆಯಾಗಿ ತಿರುಗಿ ಬಂತು. ಕೊನೆಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ. ಗಾದೆ ಸುಳ್ಳಲ್ಲ. ಆದರೆ ಅವನು ಏನನ್ನು ಮಾಡಿದ, ಯಾವ ವರ್ಷ ಮಾಡಿದ, ಬಡಿಸಿದ್ದು ಯಾವ ದಾರಿ ಹಿಡಿದು ಅವನ ಎಲೆಗೇ ಬಂತು ಎನ್ನುವುದನ್ನು ಬಿಟ್ಟರೆ ಉಳಿಯುವುದು ಗಾದೆ ಮಾತ್ರ.

1917ರ ಮಾತನ್ನು ಮೊದಲೇ ಮುಗಿಸೋಣ. ಆ ವರ್ಷದ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನಿಂದ ಜರ್ಮನಿ ಹಾಯ್ದು ಬಂದ ರೈಲಿನಲ್ಲಿ ಲೆನಿನ್ ಜೊತೆಗಿದ್ದವನು ಜಿನೋವಿಯೆವ್. ಜುಲೈನಲ್ಲಿ ಬಂಧನದ ಆದೇಶ ಹೊರಟಾಗ ಪೆಟ್ರೊಗ್ರಾದ್ ಹೊರಗಿನ ರಜ್ಲೀವ್ ಸರೋವರದಾಚೆ ಹುಲ್ಲಿನ ಗುಡಿಸಲಲ್ಲಿ ಲೆನಿನ್ ಜೊತೆ ಅಡಗಿದ್ದವನೂ ಅವನೇ. (ಮುಂದೆ ಸ್ಟಾಲಿನ್ ಕಾಲದ ಚಿತ್ರಕಾರರು ಆ ಗುಡಿಸಲ ಮುಂದೆ ಲೆನಿನ್ ಎದುರು ಸ್ಟಾಲಿನ್‌ನನ್ನು ಕೂರಿಸಿದರು, ಅಲ್ಲಿ ನಿಜವಾಗಿ ಇದ್ದವನು ಚಿತ್ರದಿಂದ ಮಾಯವಾದ.) ಹಳೆಯ ಪಂಚಾಂಗದ ಅಕ್ಟೋಬರ್ 10ರಂದು ಬೊಲ್ಷೆವಿಕ್ ಪಕ್ಷದ ಕೇಂದ್ರ ಸಮಿತಿ ಸಶಸ್ತ್ರ ದಂಗೆಯ ನಿರ್ಣಯವನ್ನು ಮತಕ್ಕೆ ಹಾಕಿತು. ಹಾಜರಿದ್ದ 12 ಮಂದಿಯಲ್ಲಿ 10 ಪರ, 2 ವಿರುದ್ಧ. ಆ ಇಬ್ಬರು ಜಿನೋವಿಯೆವ್ ಮತ್ತು ಅವನ ಗೆಳೆಯ ಕಾಮೆನೆವ್. 16ರ ವಿಸ್ತೃತ ಸಭೆಯಲ್ಲಿ 19 ಪರ, 2 ವಿರುದ್ಧ, 4 ತಟಸ್ಥ. ವಿರೋಧಿಸಿದವರು ಮತ್ತೆ ಅವರಿಬ್ಬರೇ. 18ರಂದು ಗಾರ್ಕಿಯ ‘ನೋವಯಾ ಜೀಜ್ನ್’ ಪತ್ರಿಕೆಯಲ್ಲಿ ಕಾಮೆನೆವ್ ತನ್ನ ಮತ್ತು ಜಿನೋವಿಯೆವ್‌ನ ಅಸಮ್ಮತಿಯನ್ನು ಬಹಿರಂಗ ಮಾಡಿದ. ಕೆರಳಿದ ಲೆನಿನ್ ಇಬ್ಬರನ್ನೂ ಮುಷ್ಕರ ಮುರುಕರು ಎಂದು ಕರೆದು ಪಕ್ಷದಿಂದ ಹಾಕಿಬಿಡಿ ಎಂದ.

ಹಾಕಲಿಲ್ಲ. ಲೇಖಕರು ಬಿಟ್ಟಿರುವುದು ಇದನ್ನೇ. ಪಕ್ಷದ ಪತ್ರಿಕೆ ಜಿನೋವಿಯೆವ್‌ನ ಸಮಜಾಯಿಷಿಯನ್ನು ಅಚ್ಚು ಹಾಕಿ, ‘ವಿಷಯ ಇಲ್ಲಿಗೆ ಮುಗಿಯಿತು’ ಎನ್ನುವ ಧಾಟಿಯಲ್ಲಿ ಸಂಪಾದಕೀಯ ಟಿಪ್ಪಣಿಯನ್ನೂ ಸೇರಿಸಿತು. ಆ ಟಿಪ್ಪಣಿ ಸ್ಟಾಲಿನ್‌ನದು. ಉಚ್ಚಾಟನೆ ಬೇಡ ಎಂದವರಲ್ಲಿ ಸ್ಟಾಲಿನ್ ಕೂಡ ಒಬ್ಬ. ಎರಡು ತಿಂಗಳೊಳಗೆ ಜಿನೋವಿಯೆವ್ ಪೆಟ್ರೊಗ್ರಾದ್ ಸೋವಿಯತ್ತಿನ, ಅಂದರೆ ಊರಿನ ಕಾರ್ಮಿಕ-ಸೈನಿಕ ಮಂಡಳಿಯ, ಅಧ್ಯಕ್ಷ. 1919ರ ಮಾರ್ಚ್‌ನಲ್ಲಿ ಕಾಮಿಂಟರ್ನ್ ಎಂಬ ಜಾಗತಿಕ ಕಮ್ಯುನಿಸ್ಟ್ ಸಂಸ್ಥೆ ಹುಟ್ಟಿದಾಗ ಅದರ ಅಧ್ಯಕ್ಷ. ಅದೇ ತಿಂಗಳು ಪಕ್ಷದ ಅತ್ಯುನ್ನತ ಮಂಡಳಿಯಾದ ಪಾಲಿಟ್‌ಬ್ಯೂರೊದ ಅಭ್ಯರ್ಥಿ ಸದಸ್ಯ, 1921ರಲ್ಲಿ ಪೂರ್ಣ ಸದಸ್ಯ. 1917 ಅವನನ್ನು ಮುಳುಗಿಸಿದ್ದರೆ ಈ ಏರಿಕೆಗೆ ಅರ್ಥವಿರುತ್ತಿರಲಿಲ್ಲ. 1922ರ ಡಿಸೆಂಬರ್‌ನಲ್ಲಿ ಹಾಸಿಗೆ ಹಿಡಿದಿದ್ದ ಲೆನಿನ್ ಬರೆಸಿದ ಪತ್ರದಲ್ಲೂ ಇರುವುದು ಎರಡೂ ಬದಿಗೆ ಕತ್ತರಿಸುವ ಮಾತು: ಅಕ್ಟೋಬರ್ ಪ್ರಸಂಗ ಆಕಸ್ಮಿಕವಲ್ಲ, ಆದರೆ ಅದನ್ನು ಆ ಇಬ್ಬರ ವೈಯಕ್ತಿಕ ದೋಷವೆಂದು ಎಣಿಸುವುದೂ ಸಲ್ಲ. 1917 ಒಂದು ಹಳೆಯ ಸಾಲಪತ್ರ. ಪೆಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನು ಹೊರತೆಗೆದು ವಸೂಲಿ ಮಾಡುವ ಅಧಿಕಾರ ಯಾರ ಕೈಗೆ ಹೋಯಿತು, ಹೇಗೆ ಹೋಯಿತು ಎನ್ನುವುದೇ ಪ್ರಶ್ನೆ.

ಪುಕ್ಕಲತನದ ಬಗ್ಗೆಯೂ ಒಂದು ಮಾತು. 1919ರ ಅಕ್ಟೋಬರ್‌ನಲ್ಲಿ ಕ್ರಾಂತಿವಿರೋಧಿ ಸೇನಾನಿ ಯುದೆನಿಚ್‌ನ ಸೈನ್ಯ ಪೆಟ್ರೊಗ್ರಾದ್ ಬಾಗಿಲಿಗೆ ಬಂದಾಗ ಜಿನೋವಿಯೆವ್ ಕಂಗಾಲಾಗಿದ್ದ ಎಂಬ ಮಾತಿಗೆ ಮುಖ್ಯ ಸಾಕ್ಷಿ ಟ್ರಾಟ್‌ಸ್ಕಿಯ ಬರಹ. ಇರಬಹುದು. ಆದರೆ ಇದೇ ಮನುಷ್ಯ 1920ರ ಅಕ್ಟೋಬರ್‌ನಲ್ಲಿ ಜರ್ಮನಿಯ ಹಾಲೆ ಊರಿಗೆ ಹೋಗಿ, ಪರಭಾಷೆಯಾದ ಜರ್ಮನ್‌ನಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ಮಾತಾಡಿದ. ಅಲ್ಲಿನ ಸ್ವತಂತ್ರ ಸಮಾಜವಾದಿ ಪಕ್ಷವನ್ನು ಇಬ್ಭಾಗ ಮಾಡಿಸಿ ಬಹುಮತವನ್ನು ಕಾಮಿಂಟರ್ನ್ ಕಡೆಗೆ ಎಳೆದುಕೊಂಡು ಬಂದ. ಅದಕ್ಕೂ ಒಂದು ತಿಂಗಳು ಮೊದಲು ಬಾಕುವಿನಲ್ಲಿ ಪೂರ್ವ ದೇಶಗಳ ಜನರ ಸಮ್ಮೇಳನ ನಡೆಸಿದವನೂ ಅವನೇ. ಸಭೆಯನ್ನು ಗೆಲ್ಲುವ ನಾಲಿಗೆ ಅವನಿಗಿತ್ತು. ಅವನ ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಸಭೆಯನ್ನು ಮಾತಿನಿಂದ ಗೆಲ್ಲಬಹುದು ಎಂದು ನಂಬಿದವನಿಗೆ, ಸಭೆಯಲ್ಲಿ ಯಾರು ಕೂರಬೇಕು ಎಂಬುದು ಬೇರೊಂದು ಕೋಣೆಯಲ್ಲಿ ತೀರ್ಮಾನವಾಗುತ್ತಿದೆ ಎನ್ನುವುದು ತಡವಾಗಿ ಕಂಡಿತು.

ಆ ಕೋಣೆಗೆ ಬರೋಣ. 1921ರ ಮಾರ್ಚ್ 8ರಂದು ಮಾಸ್ಕೋದಲ್ಲಿ ಪಕ್ಷದ 10ನೇ ಮಹಾಧಿವೇಶನ ಆರಂಭವಾಯಿತು. ಫೆಬ್ರುವರಿಯಲ್ಲಿ ಪೆಟ್ರೊಗ್ರಾದ್ ಕಾರ್ಖಾನೆಗಳಲ್ಲಿ ಮುಷ್ಕರ, ಅದರ ಬೆನ್ನಿಗೇ ಕ್ರೊನ್‌ಸ್ಟಾಟ್ ನಾವಿಕರ ದಂಗೆ. ಎರಡೂ ಜಿನೋವಿಯೆವ್ ಆಳುತ್ತಿದ್ದ ಊರಿನ ಬೆಂಕಿ. ಆ ಭಯದಲ್ಲೇ ಅಧಿವೇಶನದ ಕೊನೆಯ ದಿನ ಪಕ್ಷದೊಳಗೆ ಬಣಗಳನ್ನು ನಿಷೇಧಿಸುವ ನಿರ್ಣಯ ಪಾಸಾಯಿತು. ಅದರ 7ನೇ ಕಲಮನ್ನು ಗುಟ್ಟಾಗಿ ಇಡಲಾಯಿತು. ಬಣ ಕಟ್ಟಿದವನು ಕೇಂದ್ರ ಸಮಿತಿಯ ಸದಸ್ಯನೇ ಆಗಿದ್ದರೂ, ಸಮಿತಿಯ ಮೂರನೇ ಎರಡರಷ್ಟು ಮತದಿಂದ ಅವನನ್ನು ಕೆಳಗಿಳಿಸಬಹುದು, ಪಕ್ಷದಿಂದಲೂ ತೆಗೆಯಬಹುದು ಎನ್ನುವುದು ಆ ಕಲಮು. ಮಹಾಧಿವೇಶನ ಚುನಾಯಿಸಿದವರನ್ನು ಸಮಿತಿಯೇ ತೆಗೆದುಹಾಕುವ ಈ ಅಧಿಕಾರ ಹಿಂದೆ ಇರಲಿಲ್ಲ. ಜಿನೋವಿಯೆವ್ ಇದಕ್ಕೆ ಎದುರಾಡಲಿಲ್ಲ. ಅದು ಆಗ ಬೇರೆಯವರ ಕುತ್ತಿಗೆಗೆ ಮಾಡಿಸಿದ ಹಗ್ಗ. 1924ರ ಜನವರಿಯಲ್ಲಿ ಟ್ರಾಟ್‌ಸ್ಕಿ ಬಣವನ್ನು ಹೆದರಿಸಲು ಸ್ಟಾಲಿನ್ ಈ ಕಲಮನ್ನು ಪಕ್ಷದ ಸಮ್ಮೇಳನದಲ್ಲಿ ಗಟ್ಟಿಯಾಗಿ ಓದಿದಾಗಲೂ ಜಿನೋವಿಯೆವ್ ಇದ್ದದ್ದು ಓದಿದವನ ಪಕ್ಕದಲ್ಲೇ.

1922ರ ಏಪ್ರಿಲ್ 3ರಂದು ಸ್ಟಾಲಿನ್ ಪ್ರಧಾನ ಕಾರ್ಯದರ್ಶಿಯಾದ. ಇದು ದೊಡ್ಡ ಪಟ್ಟವೆಂದು ಆ ದಿನ ಯಾರಿಗೂ ಅನ್ನಿಸಲಿಲ್ಲ. ಕಡತ ನೋಡುವ ಕೆಲಸ, ಸಭೆಗೆ ಕಾರ್ಯಸೂಚಿ ಬರೆಯುವ ಕೆಲಸ. ಜಿನೋವಿಯೆವ್, ಕಾಮೆನೆವ್ ಇಬ್ಬರಿಗೂ ಒಪ್ಪಿಗೆಯಿತ್ತು. ಆದರೆ ಕಾರ್ಯದರ್ಶಿ ಮಂಡಳಿಯ ಕೆಳಗೆ ‘ಉಚ್‌ರಾಸ್ಪ್ರೆದ್’ ಎಂಬ ವಿಭಾಗವಿತ್ತು. ಲೆಕ್ಕ ಇಡುವುದು, ಹಂಚುವುದು ಎಂದಷ್ಟೇ ಆ ಹೆಸರಿನ ಅರ್ಥ. ಪಕ್ಷದ ಕಾರ್ಯಕರ್ತರನ್ನು ಯಾವ ಊರಿಗೆ, ಯಾವ ಹುದ್ದೆಗೆ ಕಳಿಸಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ವರ್ಷವೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೇಮಕ, ವರ್ಗಾವಣೆಗಳು ಇದರ ಮೂಲಕ ಆದವು. ಪ್ರಾಂತ್ಯ ಸಮಿತಿಗಳ ಕಾರ್ಯದರ್ಶಿಗಳೂ ಈ ಲೆಕ್ಕದೊಳಗೇ ಬರುತ್ತಿದ್ದರು. ನಿಯಮಾವಳಿಯ ಪ್ರಕಾರ ಪ್ರಾಂತ್ಯದ ಕಾರ್ಯದರ್ಶಿಯನ್ನು ಸ್ಥಳೀಯರು ಚುನಾಯಿಸಬೇಕು. ನಡೆಯುತ್ತಿದ್ದುದು ಹೀಗೆ: ಮಾಸ್ಕೋ ಒಂದು ಹೆಸರನ್ನು ‘ಶಿಫಾರಸು’ ಮಾಡುತ್ತದೆ, ಸ್ಥಳೀಯ ಸಭೆ ಕೈ ಎತ್ತುತ್ತದೆ.

ಮುಂದಿನದನ್ನು ಕೂಡಿಸಿ ನೋಡಿ. ಕೇಂದ್ರದ ಕಾರ್ಯದರ್ಶಿ ಪ್ರಾಂತ್ಯದ ಕಾರ್ಯದರ್ಶಿಯನ್ನು ಕಳಿಸುತ್ತಾನೆ. ಪ್ರಾಂತ್ಯದ ಕಾರ್ಯದರ್ಶಿ ತನ್ನ ಪ್ರಾಂತ್ಯದ ಸಮ್ಮೇಳನ ನಡೆಸಿ ಮಹಾಧಿವೇಶನಕ್ಕೆ ಪ್ರತಿನಿಧಿಗಳನ್ನು ಆರಿಸುತ್ತಾನೆ. ತಾನೂ ಒಬ್ಬ ಪ್ರತಿನಿಧಿಯಾಗಿ ಬರುತ್ತಾನೆ. ಪ್ರತಿನಿಧಿಗಳು ಕೇಂದ್ರ ಸಮಿತಿಯನ್ನು ಚುನಾಯಿಸುತ್ತಾರೆ. ಕೇಂದ್ರ ಸಮಿತಿ ಪಾಲಿಟ್‌ಬ್ಯೂರೊವನ್ನೂ, ಕಾರ್ಯದರ್ಶಿ ಮಂಡಳಿಯನ್ನೂ ಆರಿಸುತ್ತದೆ. ಗಾಣದೆತ್ತಿನಂತೆ ಸುತ್ತು ಬಂದು ನಿಲ್ಲುವುದು ಹೊರಟ ಜಾಗದಲ್ಲೇ. ಈ ಸುತ್ತಿನ ಎಲ್ಲಿ ಬೇಕಾದರೂ ನೀವು ಅದ್ಭುತವಾಗಿ ಭಾಷಣ ಮಾಡಬಹುದು. ಚಕ್ರ ತಿರುಗುವುದು ನೇಮಕದ ಅಚ್ಚಿನ ಮೇಲೆ. ಸ್ಟಾಲಿನ್ ಕಪಟಿಯಾಗಿರಲಿಲ್ಲ ಎಂದು ವಾದಿಸುವುದಿಲ್ಲ. ಆದರೆ ಇಲ್ಲಿ ಕಪಟಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಕಡತದ ಮುಂದೆ ಕೂರುವ ತಾಳ್ಮೆ.

ಜಿನೋವಿಯೆವ್‌ಗೆ ಇದು ಕಂಡಿರಲಿಲ್ಲವೆಂದೂ ಅಲ್ಲ. 1923ರ ಬೇಸಿಗೆಯಲ್ಲಿ ಕಾಕಸಸ್‌ನ ಕಿಸ್ಲೊವೊಡ್‌ಸ್ಕ್ ಆರೋಗ್ಯಧಾಮದಲ್ಲಿ ವಿಶ್ರಾಂತಿಗೆಂದು ಹೋದ ನಾಯಕರು ಒಂದು ಗುಹೆಯಲ್ಲಿ ಸೇರಿ ಕಾರ್ಯದರ್ಶಿ ಮಂಡಳಿಗೆ ಕಡಿವಾಣ ಹಾಕುವ ಮಾತಾಡಿದರು. ಜಿನೋವಿಯೆವ್, ಪಕ್ಷದ ಸಿದ್ಧಾಂತಿ ಬುಖಾರಿನ್ ಇಬ್ಬರೂ ಅಲ್ಲಿದ್ದರು. ಸ್ಟಾಲಿನ್ ಇದಕ್ಕೆ ಕೊಟ್ಟ ಉತ್ತರ ಸರಳ: ಬನ್ನಿ, ನೀವೇ ಬಂದು ಕೂತುಕೊಳ್ಳಿ. ಜಿನೋವಿಯೆವ್, ಟ್ರಾಟ್‌ಸ್ಕಿ, ಬುಖಾರಿನ್ ಮೂವರನ್ನೂ ಸಂಘಟನಾ ಮಂಡಳಿಗೆ, ಅಂದರೆ ಆರ್ಗ್‌ಬ್ಯೂರೊಗೆ ಸೇರಿಸಲಾಯಿತು. ನೇಮಕಗಳ ನಿಜವಾದ ಮೇಜು ಅದೇ. ಆದರೆ ಆರ್ಗ್‌ಬ್ಯೂರೊ ಸಭೆ ಎಂದರೆ ಯಾವುದೋ ಜಿಲ್ಲೆಯ ಕಾರ್ಯದರ್ಶಿಯ ಜಗಳ, ಯಾರದೋ ವರ್ಗಾವಣೆ ಅರ್ಜಿ, ಗಂಟೆಗಟ್ಟಲೆ ಹೆಸರುಗಳ ಪಟ್ಟಿ. ಜಿನೋವಿಯೆವ್ ಒಂದೆರಡು ಸಭೆಗೆ ಹೋಗಿ ಬಿಟ್ಟುಬಿಟ್ಟ. ಉಳಿದ ಇಬ್ಬರು ಅಷ್ಟೂ ಮಾಡಲಿಲ್ಲ. ಎರಡು ವರ್ಷಗಳ ನಂತರ ಮಹಾಧಿವೇಶನದಲ್ಲಿ ಈ ಗುಹೆಯ ವಿಷಯ ಹೊರಬಂದು ನಗೆಪಾಟಲಾಯಿತು. ಅವನ ಬದುಕಿನಲ್ಲಿ ಲೆಕ್ಕ ತಪ್ಪಿದ ಒಂದು ದಿನವನ್ನು ತೋರಿಸಿ ಎಂದರೆ 1917ರ ಅಕ್ಟೋಬರ್ 10ನ್ನು ಬಿಟ್ಟು, ಆರ್ಗ್‌ಬ್ಯೂರೊ ಸಭೆಗೆ ಅವನು ಹೋಗದೆ ಉಳಿದ ಆ ಯಾವುದೋ ದಿನವನ್ನು ತೋರಿಸಬೇಕು.

ಇನ್ನು 1924ರ ಮೇ. ಜನವರಿ 21ರಂದು ಲೆನಿನ್ ತೀರಿಕೊಂಡಿದ್ದ. ಸ್ಟಾಲಿನ್ ತೀರಾ ಒರಟ, ಅವನನ್ನು ಪ್ರಧಾನ ಕಾರ್ಯದರ್ಶಿ ಸ್ಥಾನದಿಂದ ಸರಿಸುವ ದಾರಿ ಯೋಚಿಸಿ ಎಂದು 1923ರ ಜನವರಿ 4ರಂದು ಲೆನಿನ್ ತನ್ನ ಡಿಸೆಂಬರ್ ಪತ್ರಕ್ಕೆ ಬರೆಸಿದ್ದ ಸೇರ್ಪಡೆಯನ್ನು ಅವನ ಪತ್ನಿ ಕ್ರುಪ್‌ಸ್ಕಯಾ ಪಕ್ಷಕ್ಕೆ ಒಪ್ಪಿಸಿದಳು. 13ನೇ ಮಹಾಧಿವೇಶನದ ಹಿಂದಿನ ದಿನ ಕೇಂದ್ರ ಸಮಿತಿ ಸಭೆಯಲ್ಲಿ ಅದನ್ನು ಓದಲಾಯಿತು. ಸ್ಟಾಲಿನ್ ತಲೆ ಉಳಿಸಲು ಎದ್ದು ನಿಂತವರು ಯಾರು? ಜಿನೋವಿಯೆವ್, ಆಮೇಲೆ ಕಾಮೆನೆವ್. ಲೆನಿನ್‌ನ ಆತಂಕ ಸುಳ್ಳಾಗಿದೆ, ಈ ತಿಂಗಳುಗಳಲ್ಲಿ ನಾವು ಒಟ್ಟಿಗೆ ಕೆಲಸ ಮಾಡಿದ್ದೇವೆ ಎನ್ನುವುದು ವಾದದ ತಿರುಳು. ಪತ್ರವನ್ನು ಮಹಾಧಿವೇಶನದ ತುಂಬಿದ ಸಭೆಯಲ್ಲಿ ಓದದೆ, ಪ್ರಾಂತ್ಯವಾರು ಪ್ರತಿನಿಧಿಗಳಿಗೆ ಬೇರೆ ಬೇರೆ ಕೂರಿಸಿ ಓದಿ ಹೇಳಿ ಮುಚ್ಚಿಡಲಾಯಿತು. ಜಿನೋವಿಯೆವ್‌ನ ಭಯ ಆಗ ಸ್ಟಾಲಿನ್ ಕಡೆಗಿರಲಿಲ್ಲ, ಟ್ರಾಟ್‌ಸ್ಕಿ ಕಡೆಗಿತ್ತು. ಕೆಂಪು ಸೇನೆಯ ಒಡೆಯ ನಾಳೆ ನೆಪೋಲಿಯನ್ ಆದಾನು ಎಂದು ಎಲ್ಲರೂ ಆ ಕಡೆಯೇ ನೋಡುತ್ತಿದ್ದರು.

ಅದೇ ಮಹಾಧಿವೇಶನದಲ್ಲಿ ಜಿನೋವಿಯೆವ್ ಇನ್ನೊಂದು ಕೆಲಸ ಮಾಡಿದ. ಇದು ಲೇಖನದಲ್ಲಿ ಒಂದು ಸಾಲಿಗೂ ಬಂದಿಲ್ಲ. ಟ್ರಾಟ್‌ಸ್ಕಿ ಪಕ್ಷದ ನಿರ್ಧಾರಕ್ಕೆ ತಲೆಬಾಗಿದರೆ ಸಾಲದು, ವೇದಿಕೆ ಹತ್ತಿ ‘ನಾನು ತಪ್ಪಿದೆ, ಪಕ್ಷ ಸರಿ’ ಎಂದು ಬಾಯಿಬಿಟ್ಟು ಹೇಳಬೇಕು ಎಂದು ಅವನು ಕೇಳಿದ. ಬೊಲ್ಷೆವಿಕ್ ಪಕ್ಷದಲ್ಲಿ ಅಲ್ಲಿಯವರೆಗೆ ಸೋತವನು ಬಹುಮತದ ನಿರ್ಣಯವನ್ನು ಪಾಲಿಸಬೇಕಿತ್ತು. ತನ್ನ ಅಭಿಪ್ರಾಯವನ್ನೇ ತಪ್ಪೆಂದು ಹಳಿಯಬೇಕಿರಲಿಲ್ಲ. 1917ರಲ್ಲಿ ಜಿನೋವಿಯೆವ್‌ನಿಂದಲೂ ಲೆನಿನ್ ಅದನ್ನು ಕೇಳಿರಲಿಲ್ಲ. ಪಕ್ಷಕ್ಕೆ ವಿರುದ್ಧವಾಗಿ ಯಾರೂ ಸರಿಯಾಗಿರಲಾರರು ಎಂದು ಟ್ರಾಟ್‌ಸ್ಕಿ ಒಪ್ಪಿಕೊಂಡ, ಆದರೆ ನಾನು ತಪ್ಪು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಇಂಥ ಬೇಡಿಕೆ ಮನುಷ್ಯನ ಮನಸ್ಸಿಗೆ ಸಾಧ್ಯವಾಗುವಂಥದ್ದಲ್ಲ, ಅದು ಬೇಕಾಗಿಯೂ ಇಲ್ಲ ಎಂದು ಕ್ರುಪ್‌ಸ್ಕಯಾ ಅಲ್ಲೇ ಆಕ್ಷೇಪಿಸಿದಳು. ಈ ಬೇಡಿಕೆಯನ್ನು ನೆನಪಿನಲ್ಲಿಡಿ. ಮುಂದೆ ಅದು ಏಳೆಂಟು ಸಲ ಜಿನೋವಿಯೆವ್‌ನ ಬಾಗಿಲು ತಟ್ಟುತ್ತದೆ.

ನಡುವೆ ಒಂದು ತಿದ್ದುಪಡಿ. ‘ಜಿನೋವಿಯೆವ್ ಪತ್ರ’ವನ್ನು ಲೇಖಕರು ಅವನೇ ಬರೆದದ್ದೆಂದು ತಿಳಿದಂತಿದೆ. 1924ರ ಅಕ್ಟೋಬರ್ 25ರಂದು, ಬ್ರಿಟನ್ ಚುನಾವಣೆಗೆ ನಾಲ್ಕು ದಿನ ಇರುವಾಗ, ಡೈಲಿ ಮೇಲ್ ಪತ್ರಿಕೆ ಅಚ್ಚು ಹಾಕಿದ, ದಂಗೆಗೆ ಸಜ್ಜಾಗಿ ಎಂದು ಬ್ರಿಟಿಷ್ ಕಮ್ಯುನಿಸ್ಟರಿಗೆ ಕರೆ ಕೊಡುವಂತಿದ್ದ ಆ ಪತ್ರ ಖೋಟಾ. ಬ್ರಿಟಿಷ್ ವಿದೇಶಾಂಗ ಕಚೇರಿಯ ಇತಿಹಾಸಕಾರರೇ 1999ರಲ್ಲಿ ಕಡತಗಳನ್ನು ತಿರುವಿ ಅದು ನಕಲಿಯೆಂಬ ನಿಲುವಿಗೆ ಬಂದರು. ಮ್ಯಾಕ್‌ಡೊನಾಲ್ಡ್‌ನ ಲೇಬರ್ ಸರ್ಕಾರ ಆ ಚುನಾವಣೆಯಲ್ಲಿ ಸೋತಿತು ಎಂಬುದು ನಿಜ. ಸೋಲಿಗೆ ಆ ಪತ್ರವೊಂದೇ ಕಾರಣ ಎನ್ನುವುದು ಅತಿಯಾಯಿತು. ಜಿನೋವಿಯೆವ್‌ನ ಕಾಮಿಂಟರ್ನ್ ಖಾತೆಯಲ್ಲಿ ನಿಜವಾಗಿ ಬರೆಯಬೇಕಾದ ನಷ್ಟಗಳು ಬೇರೆ ಇವೆ: 1923ರ ಅಕ್ಟೋಬರ್‌ನಲ್ಲಿ ಜರ್ಮನಿಯಲ್ಲಿ ಕೈಕೊಟ್ಟ ದಂಗೆ, 1924ರ ಡಿಸೆಂಬರ್ 1ರಂದು ಎಸ್ಟೋನಿಯಾದಲ್ಲಿ ಒಂದೇ ದಿನದಲ್ಲಿ ನೆಲಕಚ್ಚಿದ ದಂಗೆ, ಸೋಲಿನ ಹೊಣೆಯನ್ನು ಬ್ರಾಂಡ್ಲರ್‌ನಂಥ ಸ್ಥಳೀಯ ನಾಯಕರ ತಲೆಗೆ ಕಟ್ಟಿ ಅವರನ್ನು ಕೆಳಗಿಳಿಸಿದ್ದು. ವಿದೇಶಿ ಪಕ್ಷಗಳಿಗೆ ಕಬ್ಬಿಣದ ಶಿಸ್ತು, ಶುದ್ಧೀಕರಣ, ಉಚ್ಚಾಟನೆಗಳನ್ನು ಕಲಿಸಿದ, ಕಾಮಿಂಟರ್ನ್ ಸೇರಲು ಒಪ್ಪಲೇಬೇಕಿದ್ದ 21 ಷರತ್ತುಗಳೂ ಅವನು ಅಧ್ಯಕ್ಷನಾಗಿದ್ದಾಗಲೇ ಜಾರಿಗೆ ಬಂದವು.

1924ರ ಶರತ್ಕಾಲದಲ್ಲಿ ಟ್ರಾಟ್‌ಸ್ಕಿ ತನ್ನ ಬರಹಗಳ ಸಂಪುಟಕ್ಕೆ ಬರೆದ ದೀರ್ಘ ಮುನ್ನುಡಿಯಲ್ಲಿ 1917ರ ಸಾಲಪತ್ರವನ್ನು ಪೆಟ್ಟಿಗೆಯಿಂದ ಹೊರತೆಗೆದ. ಹೊರತೆಗೆದವನು ಸ್ಟಾಲಿನ್ ಅಲ್ಲ ಎನ್ನುವುದನ್ನು ಗಮನಿಸಬೇಕು. ರೊಚ್ಚಿಗೆದ್ದ ಜಿನೋವಿಯೆವ್‌ನ ಲೆನಿನ್‌ಗ್ರಾದ್ (ಲೆನಿನ್ ಸತ್ತ ಮೇಲೆ ಪೆಟ್ರೊಗ್ರಾದ್‌ಗೆ ಇಟ್ಟ ಹೆಸರು) ಪಕ್ಷ, ಟ್ರಾಟ್‌ಸ್ಕಿಯನ್ನು ಪಕ್ಷದಿಂದಲೇ ಹಾಕಿ ಎಂದು ಹಟ ಹಿಡಿಯಿತು. ತಡೆದವನು ಸ್ಟಾಲಿನ್! ಇವತ್ತು ಒಬ್ಬನನ್ನು ಕತ್ತರಿಸಿದರೆ ನಾಳೆ ಇನ್ನೊಬ್ಬ, ನಾಡಿದ್ದು ಮತ್ತೊಬ್ಬ, ಕೊನೆಗೆ ಪಕ್ಷದಲ್ಲಿ ಉಳಿಯುವವರು ಯಾರು ಎಂಬ ಅರ್ಥದ ಮಾತನ್ನು ಅವನು ಆಮೇಲೆ ಮಹಾಧಿವೇಶನದಲ್ಲೇ ಹೇಳಿದ. 1925ರ ಜನವರಿಯಲ್ಲಿ ಟ್ರಾಟ್‌ಸ್ಕಿ ಸೇನಾ ಖಾತೆ ಕಳೆದುಕೊಂಡ. ಸ್ಟಾಲಿನ್‌ಗೆ ಜಿನೋವಿಯೆವ್‌ನ ಅಗತ್ಯವೂ ಅಲ್ಲಿಗೆ ತೀರಿತು.

ಜಿನೋವಿಯೆವ್ ಕೈಯಲ್ಲಿ ಆಗ ಇದ್ದದ್ದೇನು? ಕಾಮಿಂಟರ್ನ್ ಇತ್ತು, ಆದರೆ ಅದಕ್ಕೆ ಸೋವಿಯತ್ ಪಕ್ಷದ ಮಹಾಧಿವೇಶನದಲ್ಲಿ ಮತವಿಲ್ಲ. ಪಾಲಿಟ್‌ಬ್ಯೂರೊದಲ್ಲಿ ಒಂದು ಕುರ್ಚಿ, ಒಂದು ಮತ. ಮಾಸ್ಕೋ ಸೋವಿಯತ್ತಿನ ಅಧ್ಯಕ್ಷ ಗೆಳೆಯ ಕಾಮೆನೆವ್, ಸರಿ. ಆದರೆ ಮಾಸ್ಕೋ ಪಕ್ಷದ ಕಾರ್ಯದರ್ಶಿ ಊಗ್ಲಾನೊವ್. ಈತ ಹಿಂದೆ ಪೆಟ್ರೊಗ್ರಾದ್‌ನಲ್ಲಿ ಜಿನೋವಿಯೆವ್ ಜೊತೆ ಜಗಳವಾಡಿ ಹೊರಬಿದ್ದು ನಿಜ್ನಿ ನೊವ್‌ಗೊರೊದ್‌ಗೆ ಹೋಗಿದ್ದವನು. 1924ರಲ್ಲಿ ಅವನನ್ನು ಮಾಸ್ಕೋಗೆ ತಂದು ಕೂರಿಸಲಾಗಿತ್ತು. ಸೋವಿಯತ್ತಿನ ಅಧ್ಯಕ್ಷಗಿರಿ ಬೇರೆ, ಪಕ್ಷದ ಕಾರ್ಯದರ್ಶಿಗಿರಿ ಬೇರೆ. ಪ್ರತಿನಿಧಿಗಳನ್ನು ಕಳಿಸುವುದು ಎರಡನೆಯದು. ರಾಜಧಾನಿ ಹೀಗೆ ಸದ್ದಿಲ್ಲದೆ ಕೈಬಿಟ್ಟಿತ್ತು. ಉಳಿದದ್ದು ಲೆನಿನ್‌ಗ್ರಾದ್ ಒಂದೇ.

ಆ ವರ್ಷದ ತಾತ್ವಿಕ ಜಗಳವನ್ನು ಲೇಖಕರು ಚೆನ್ನಾಗಿ ಹೇಳಿದ್ದಾರೆ, ಹೆಚ್ಚು ಬೆಳೆಸುವುದಿಲ್ಲ. ರೈತರಿಗೆ ‘ಸಿರಿವಂತರಾಗಿ’ ಎಂದು ಬುಖಾರಿನ್ ಕೊಟ್ಟ ಕರೆ ಒಂದು ಕಡೆ, ಒಂದೇ ದೇಶದಲ್ಲಿ ಸಮಾಜವಾದ ಕಟ್ಟಿ ಮುಗಿಸಬಹುದೇ ಎಂಬ ಪ್ರಶ್ನೆ ಇನ್ನೊಂದು ಕಡೆ. ಜಿನೋವಿಯೆವ್, ಕಾಮೆನೆವ್, ಹಣಕಾಸು ಕಮಿಸಾರ್ (ಅಂದರೆ ಮಂತ್ರಿ) ಸೊಕೊಲ್ನಿಕೊವ್, ಕ್ರುಪ್‌ಸ್ಕಯಾ ನಾಲ್ವರೂ ಸೇರಿ ಎದುರು ನಿಂತರು. ಕಾರ್ಖಾನೆ ಕಾರ್ಮಿಕರ ಊರಾದ ಲೆನಿನ್‌ಗ್ರಾದ್ ಈ ವಾದಕ್ಕೆ ಸಹಜವಾಗಿ ಬೆಂಬಲ ಕೊಟ್ಟಿತು ಎಂಬ ಲೇಖಕರ ಮಾತನ್ನು ಮಾತ್ರ ಒಪ್ಪಲಾಗದು.

1925ರ ಡಿಸೆಂಬರ್ 18ರಿಂದ 31ರವರೆಗೆ 14ನೇ ಮಹಾಧಿವೇಶನ ನಡೆಯಿತು. ಲೆನಿನ್‌ಗ್ರಾದ್‌ನಿಂದ ಬಂದ ಪ್ರತಿನಿಧಿಗಳು ಒಬ್ಬರೂ ಬಿಡದಂತೆ ಜಿನೋವಿಯೆವ್ ಕಡೆಯವರು. ಉಳಿದ ಪ್ರಾಂತ್ಯಗಳವರು ಅಷ್ಟೇ ಒಗ್ಗಟ್ಟಾಗಿ ಸ್ಟಾಲಿನ್ ಕಡೆಯವರು. ಒಂದು ಊರಿನ ಕಾರ್ಮಿಕರೆಲ್ಲ ಒಂದೇ ಬಗೆ, ಮಿಕ್ಕ ದೇಶವೆಲ್ಲ ಇನ್ನೊಂದೇ ಬಗೆ ಯೋಚಿಸಿದ್ದರೇ? ಇಲ್ಲ. ಎರಡೂ ಕಡೆ ಒಂದೇ ಯಂತ್ರ ಓಡಿತ್ತು. ಜಿನೋವಿಯೆವ್‌ನ ಜನ ಲೆನಿನ್‌ಗ್ರಾದ್ ಸಮ್ಮೇಳನದಲ್ಲಿ ಭಿನ್ನಮತದವರನ್ನು ಹೊರಗಿಟ್ಟು ಪಟ್ಟಿ ಮಾಡಿದ್ದರು. ಸ್ಟಾಲಿನ್‌ನ ಜನ ಉಳಿದೆಡೆ ಅದನ್ನೇ ಮಾಡಿದ್ದರು. ವ್ಯತ್ಯಾಸ ಇದ್ದದ್ದು ಪ್ರಾಂತ್ಯಗಳ ಸಂಖ್ಯೆಯಲ್ಲಿ. ಕೇಂದ್ರ ಸಮಿತಿಯ ವರದಿಗೆ ಎದುರಾಗಿ ಜಿನೋವಿಯೆವ್ ಸಹವರದಿ ಮಂಡಿಸಿದ; 1918ರ ನಂತರ ಮಹಾಧಿವೇಶನದಲ್ಲಿ ಹೀಗೆ ಆಗಿರಲಿಲ್ಲ. ಡಿಸೆಂಬರ್ 21ರಂದು ಕಾಮೆನೆವ್, ಸ್ಟಾಲಿನ್‌ಗೆ ಪಕ್ಷವನ್ನು ಒಗ್ಗೂಡಿಸುವ ಶಕ್ತಿಯಿಲ್ಲ ಎಂದು ನೇರವಾಗಿ ಹೇಳಿದಾಗ ಸಭೆ ಕೂಗಾಟದಲ್ಲಿ ಮುಳುಗಿತು. ಬಹುಮತ ಯಾವಾಗಲೂ ಸರಿಯಿರುವುದಿಲ್ಲ, 1906ರ ಸ್ಟಾಕ್‌ಹೋಮ್ ಅಧಿವೇಶನದಲ್ಲಿ ಲೆನಿನ್ ಕೂಡ ಅಲ್ಪಮತದಲ್ಲಿದ್ದ ಎಂದು ಕ್ರುಪ್‌ಸ್ಕಯಾ ನೆನಪಿಸಿದಳು. ಕೇಳುವವರು ಯಾರು? ಮತ ಎಣಿಸಿದಾಗ 559ಕ್ಕೆ 65. ನಾಲ್ಕು ಗಂಟೆ ಮಾತಾಡಿ ಹಾಲೆಯನ್ನು ಗೆದ್ದವನು ಇಲ್ಲಿ ಇಡೀ ದಿನ ಮಾತಾಡಿದ್ದರೂ 65ನ್ನು 75 ಮಾಡಲಾಗುತ್ತಿರಲಿಲ್ಲ. ಮತಗಳು ರೈಲು ಹತ್ತುವ ಮೊದಲೇ ಬಿದ್ದಾಗಿತ್ತು.

ಯಂತ್ರ ಒಂದೇ ಆಗಿತ್ತು ಎಂಬುದಕ್ಕೆ ಪುರಾವೆ ಮುಂದಿನ ತಿಂಗಳಲ್ಲೇ ಇದೆ. ಅಧಿವೇಶನ ಇನ್ನೂ ನಡೆಯುತ್ತಿರುವಾಗಲೇ ‘ಲೆನಿನ್‌ಗ್ರಾದ್‌ಸ್ಕಯಾ ಪ್ರಾವ್ದಾ’ ಪತ್ರಿಕೆಯ ಸಂಪಾದಕನನ್ನು ಬದಲಿಸಲಾಯಿತು. 1926ರ ಜನವರಿಯಲ್ಲಿ ಮೊಲೊಟೊವ್, ಕಿರೊವ್, ವೊರೊಶಿಲೊವ್, ಕಲಿನಿನ್ ಮೊದಲಾದ ಸ್ಟಾಲಿನ್ ಕಡೆಯವರ ತಂಡ ಲೆನಿನ್‌ಗ್ರಾದ್‌ಗೆ ಬಂದಿಳಿಯಿತು. ಕೆಲಸ ಮಾಡಿದ ಕ್ರಮ ನೋಡಿ: ಮೇಲಿನ ಪ್ರಾಂತ್ಯ ಸಮಿತಿಯನ್ನು ಮೊದಲು ಮುಟ್ಟಲಿಲ್ಲ. ಕಾರ್ಖಾನೆಯ ಘಟಕಗಳಿಗೆ ಇಳಿದು, ಸಭೆ ಸೇರಿಸಿ, ಮಹಾಧಿವೇಶನದ ನಿರ್ಣಯ ಓದಿ, ಅದಕ್ಕೆ ವಿಧೇಯರಾಗುತ್ತೀರೋ ಇಲ್ಲವೋ ಎಂದು ಕೇಳಿ ಕೈ ಎತ್ತಿಸಿದರು. ವಿಧೇಯತೆ ಎಂಬುದನ್ನು ಜಿನೋವಿಯೆವ್‌ನೇ ಏಳೆಂಟು ವರ್ಷ ಕಲಿಸಿದ್ದ. ಮೇಲಾಗಿ, ಲೆನಿನ್ ಸತ್ತಾಗ ನಡೆದ ವಿಶೇಷ ಭರ್ತಿಯಲ್ಲಿ ದೇಶದಾದ್ಯಂತ ಪಕ್ಷಕ್ಕೆ ಬಂದ ಎರಡು ಲಕ್ಷಕ್ಕೂ ಮಿಕ್ಕ ಹೊಸಬರಿಗೆ ಹಳೆಯ ಬಣಗಳ ನೆನಪೇ ಇರಲಿಲ್ಲ. ಪಕ್ಷ ಎಂದರೆ ಮಾಸ್ಕೋ ಕಳಿಸಿದ ಕಾಗದ. ಪುತಿಲೊವ್‌ನಂಥ ದೊಡ್ಡ ಕಾರ್ಖಾನೆಗಳಲ್ಲಿ ಜೋರು ಗಲಾಟೆಯಾದರೂ, ಕೆಲವೇ ವಾರಗಳಲ್ಲಿ ಊರು ತಿರುಗಿತು. ಫೆಬ್ರುವರಿಯಲ್ಲಿ ಕಿರೊವ್ ಪ್ರಾಂತ್ಯದ ಕಾರ್ಯದರ್ಶಿ. ಮಾರ್ಚ್‌ನಲ್ಲಿ ಸೋವಿಯತ್ತಿನ ಅಧ್ಯಕ್ಷ ಕುರ್ಚಿಯೂ ಹೋಯಿತು. ಡಿಸೆಂಬರ್‌ನಲ್ಲಿ ಒಕ್ಕೊರಲಿನಿಂದ ಜಿನೋವಿಯೆವ್ ಎಂದ ಅದೇ ಘಟಕಗಳು ಜನವರಿಯಲ್ಲಿ ಒಕ್ಕೊರಲಿನಿಂದ ಅವನನ್ನು ಖಂಡಿಸಿದವು. ಅವರಲ್ಲಿ ದ್ರೋಹವನ್ನು ಹುಡುಕಬೇಕಿಲ್ಲ. ಹಿಂದೆಯೂ ಅವರು ಹೇಳಿದಂತೆ ಕೈ ಎತ್ತಿದವರೇ.

ಆಮೇಲಿನದು ಇಳಿಜಾರು. 1926ರ ಜೂನ್‌ನಲ್ಲಿ ಮಾಸ್ಕೋ ಹೊರಗಿನ ಕಾಡಿನಲ್ಲಿ ವಿರೋಧಿಗಳು ಗುಟ್ಟಾಗಿ ಸೇರಿದ ಸಭೆ ಬಯಲಾಯಿತು. ಸೇನಾ ಖಾತೆಯ ಉಪ ಕಮಿಸಾರ್ ಲಾಶೆವಿಚ್ ಅಲ್ಲಿ ಮಾತಾಡಿದ್ದ. ಬಣ ನಿಷೇಧದ ಅಡಿ ಪ್ರಕರಣ ಸಿದ್ಧವಾಯಿತು. ಜಿನೋವಿಯೆವ್ ಆ ಸಭೆಯಲ್ಲಿ ಇರಲಿಲ್ಲ, ಆದರೂ ಜುಲೈನಲ್ಲಿ ಪಾಲಿಟ್‌ಬ್ಯೂರೊದಿಂದ ಹೋದವನು ಅವನೇ. ಅಷ್ಟರಲ್ಲಿ ಅವನು ನಿನ್ನೆಯವರೆಗೆ ಕಲ್ಲು ಹೊಡೆದಿದ್ದ ಟ್ರಾಟ್‌ಸ್ಕಿಯ ಕೈ ಹಿಡಿದಿದ್ದ. ಅಕ್ಟೋಬರ್‌ನಲ್ಲಿ ಕಾಮಿಂಟರ್ನ್ ಹೋಯಿತು. ಆ ಕೆಲಸ ಬುಖಾರಿನ್ ಪಾಲಾಯಿತು. 1927ರ ಅಕ್ಟೋಬರ್‌ನಲ್ಲಿ ಲೆನಿನ್‌ಗ್ರಾದ್ ಮೆರವಣಿಗೆಯೊಂದರಲ್ಲಿ ಜನ ಟ್ರಾಟ್‌ಸ್ಕಿಯನ್ನೂ ಅವನನ್ನೂ ಕಂಡು ಕೈಬೀಸಿ ಕೂಗಿದಾಗ ಜಿನೋವಿಯೆವ್ ಊರು ಮತ್ತೆ ತನ್ನ ಕಡೆ ಬಂತು ಎಂದು ಹಿಗ್ಗಿದ. ಟ್ರಾಟ್‌ಸ್ಕಿಗೆ ಹಾಗನ್ನಿಸಲಿಲ್ಲ. ಕೆಲವೇ ದಿನಗಳಲ್ಲಿ ಇಬ್ಬರೂ ಕೇಂದ್ರ ಸಮಿತಿಯಿಂದ ಹೊರಗೆ, ನವೆಂಬರ್ 14ರಂದು ಪಕ್ಷದಿಂದಲೇ ಹೊರಗೆ.

ಇಲ್ಲಿಂದ ಅವನು 1924ರ ಮೇ ತಿಂಗಳಲ್ಲಿ ಟ್ರಾಟ್‌ಸ್ಕಿ ಮುಂದೆ ಇಟ್ಟ ಬೇಡಿಕೆ ಅವನ ಬೆನ್ನು ಹತ್ತುತ್ತದೆ. 1927ರ ಡಿಸೆಂಬರ್‌ನ 15ನೇ ಮಹಾಧಿವೇಶನದಲ್ಲಿ ನಿರ್ಣಯಕ್ಕೆ ತಲೆಬಾಗುತ್ತೇವೆ ಎಂದರೆ ಸಾಲದಾಯಿತು. ನಿಮ್ಮ ಅಭಿಪ್ರಾಯವನ್ನೇ ತಪ್ಪೆಂದು ಹೇಳಿ ಎಂದರು. ಟ್ರಾಟ್‌ಸ್ಕಿಯ ಕಡೆಯವರು ಒಲ್ಲೆವು ಎಂದರು, ಜಿನೋವಿಯೆವ್ ಹೇಳಿದ. ಹೇಳಿದರೂ ಬಾಗಿಲು ತೆರೆಯಲಿಲ್ಲ: ಆರು ತಿಂಗಳು ಕಾದು, ಒಬ್ಬೊಬ್ಬರಾಗಿ ಅರ್ಜಿ ಹಾಕಿ ಎಂಬ ಉತ್ತರ. 1928ರಲ್ಲಿ ಒಳಗೆ ಬಂದ. 1932ರ ಅಕ್ಟೋಬರ್‌ನಲ್ಲಿ ರ್ಯೂತಿನ್ ಎಂಬಾತ ಬರೆದ ಸ್ಟಾಲಿನ್ ವಿರೋಧಿ ದಸ್ತಾವೇಜನ್ನು ಕಂಡೂ ದೂರು ಕೊಡಲಿಲ್ಲ ಎಂದು ಮತ್ತೆ ಹೊರಗೆ, ಕಜಾಕ್‌ಸ್ತಾನದ ಕುಸ್ತಾನಾಯ್‌ಗೆ ಗಡಿಪಾರು. ಮತ್ತೆ ತಪ್ಪೊಪ್ಪಿಗೆ, 1933ರಲ್ಲಿ ಮತ್ತೆ ಒಳಗೆ. 1934ರ ಆರಂಭದ 17ನೇ ಮಹಾಧಿವೇಶನದಲ್ಲಿ ವೇದಿಕೆ ಹತ್ತಿಸಿ, ತನ್ನ ತಪ್ಪುಗಳ ಪಟ್ಟಿಯನ್ನೂ ಸ್ಟಾಲಿನ್ ಸ್ತುತಿಯನ್ನೂ ಅವನ ಬಾಯಿಂದಲೇ ಹೇಳಿಸಲಾಯಿತು. ಪ್ರತಿ ಒಪ್ಪಿಗೆಯೂ ಮುಂದಿನ ಆರೋಪಕ್ಕೆ ಸಾಕ್ಷಿಯಾಗುತ್ತ ಹೋಯಿತು. ಹಿಂದೆ ತಪ್ಪು ಒಪ್ಪಿದವನು ಈಗಲೂ ಏನನ್ನೋ ಮುಚ್ಚಿಟ್ಟಿರಬೇಕು ಎಂಬುದೇ ತರ್ಕ. ಪುಕ್ಕಲತನ ಎಂದು ಲೇಖಕರು ಕರೆದದ್ದು ಇದನ್ನೇ ಇರಬೇಕು. ಆದರೆ ಪಕ್ಷದ ಹೊರಗೆ ಬದುಕೇ ಇಲ್ಲವೆಂದು ಹದಿನೆಂಟನೆಯ ವಯಸ್ಸಿನಿಂದ ನಂಬಿದವನಿಗೆ ಬೇರೆ ದಾರಿ ಯಾವುದಿತ್ತು ಎಂದೂ ಕೇಳಿಕೊಳ್ಳಬೇಕು.

1934ರ ಡಿಸೆಂಬರ್ 1ರಂದು ಕಿರೊವ್ ಕೊಲೆಯಾದ. ಕೊಂದವನು ನಿಕೊಲಾಯೆವ್, ಜಾಗ ಸ್ಮೋಲ್ನಿ, ಒಂದು ಕಾಲಕ್ಕೆ ಜಿನೋವಿಯೆವ್ ಊರನ್ನು ಆಳಿದ ಕಟ್ಟಡ. ಅದೇ ದಿನದ ದಿನಾಂಕದಲ್ಲಿ ಹೊಸ ಕಾನೂನು ಹೊರಟಿತು: ಭಯೋತ್ಪಾದನೆ ಪ್ರಕರಣಗಳ ತನಿಖೆ ಹತ್ತು ದಿನದಲ್ಲಿ ಮುಗಿಯಬೇಕು, ಮೇಲ್ಮನವಿ ಇಲ್ಲ, ಮರಣದಂಡನೆ ಕೂಡಲೇ ಜಾರಿ. ಡಿಸೆಂಬರ್ 16ರಂದು ಜಿನೋವಿಯೆವ್ ಬಂಧನ. 1935ರ ಜನವರಿಯಲ್ಲಿ ಕೊಲೆಯ ‘ನೈತಿಕ ಹೊಣೆ’ ಒಪ್ಪಿಕೊಂಡ, ಹತ್ತು ವರ್ಷ ಸೆರೆ. ನೈತಿಕ ಹೊಣೆ ಮುಂದಿನ ವರ್ಷ ನೇರ ಸಂಚಾಯಿತು. 1936ರ ಆಗಸ್ಟ್ 19ರಿಂದ 24ರವರೆಗೆ ಮಾಸ್ಕೋದ ಕಾರ್ಮಿಕ ಸಂಘಗಳ ಭವನದಲ್ಲಿ 16 ಆರೋಪಿಗಳ ಬಹಿರಂಗ ವಿಚಾರಣೆ ನಡೆಯಿತು. ನ್ಯಾಯಾಧೀಶ ಉಲ್ರಿಖ್, ಸರ್ಕಾರಿ ವಕೀಲ ವಿಶಿನ್‌ಸ್ಕಿ. ಸಂಚಿಗೆ ದಾಖಲೆ ಎಂಬುದು ಇರಲಿಲ್ಲ, ಇದ್ದದ್ದು ತಪ್ಪೊಪ್ಪಿಗೆಗಳು. ಪರಿಶೀಲಿಸಬಹುದಾದ ಒಂದು ವಿವರ ಬಾಯಿತಪ್ಪಿ ಬಂತು: 1932ರಲ್ಲಿ ಕೋಪನ್‌ಹೇಗನ್‌ನ ಬ್ರಿಸ್ಟಲ್ ಹೋಟೆಲಿನಲ್ಲಿ ಟ್ರಾಟ್‌ಸ್ಕಿಯ ಮಗ ಸೆಡೊವ್‌ನನ್ನು ಕಂಡೆ ಎಂದು ಆರೋಪಿಗಳಲ್ಲೊಬ್ಬನಾದ ಗೋಲ್ಟ್ಸ್‌ಮನ್ ಹೇಳಿದ. ಆ ಹೋಟೆಲನ್ನು 1917ರಲ್ಲೇ ಕೆಡವಲಾಗಿದೆ ಎಂದು ಡೆನ್ಮಾರ್ಕಿನ ಪತ್ರಿಕೆ ಕೆಲವೇ ದಿನಗಳಲ್ಲಿ ಬರೆಯಿತು. ಅಷ್ಟರಲ್ಲಿ ಹದಿನಾರೂ ಮಂದಿಗೆ ಗುಂಡು ಹೊಡೆದಾಗಿತ್ತು. ದಿನಾಂಕ ಆಗಸ್ಟ್ 25. ಸೋವಿಯತ್ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿದ್ದು 1988ರ ಜೂನ್‌ನಲ್ಲಿ.

ಕೊನೆಯದಾಗಿ, ಲೇಖನದ ಜೊತೆಗಿನ ಚೌಕದಲ್ಲಿ ಅವನ ಹುಟ್ಟೂರು ‘ಕಿರೊವೊಗ್ರಾದ್’ ಎಂದು ಅಚ್ಚಾಗಿದೆ. ಅವನು ಹುಟ್ಟಿದ 1883ರಲ್ಲಿ ಅದು ಯೆಲಿಜಾವೆಟ್‌ಗ್ರಾದ್. 1924ರಲ್ಲಿ, ಅವನ ಕೀರ್ತಿ ನೆತ್ತಿಗೇರಿದ್ದಾಗ, ಅವನ ಹೆಸರಿನಲ್ಲೇ ‘ಜಿನೋವಿಯೆವ್‌ಸ್ಕ್’ ಆಯಿತು. 1934ರ ಡಿಸೆಂಬರ್ ಕೊನೆಗೆ, ಅವನು ಸೆರೆಮನೆಯಲ್ಲಿದ್ದಾಗ, ಆ ಫಲಕ ಇಳಿಸಿ ‘ಕಿರೊವೊ’ ಎಂದು ಬರೆದರು. ಅವನ ಕುರ್ಚಿಗೆ ಬಂದವನ, ಅವನೇ ಕೊಲ್ಲಿಸಿದನೆಂದು ಆರೋಪಿಸಲಾದವನ ಹೆಸರು. 1939ರಲ್ಲಿ ಅದು ಕಿರೊವೊಗ್ರಾದ್. 2016ರಿಂದ ಉಕ್ರೇನಿನ ಆ ಊರು ಕ್ರೊಪಿವ್ನಿತ್ಸ್‌ಕಿ. ಮುಂದಿನ ಸಂಚಿಕೆಯಲ್ಲಿ ಇಷ್ಟನ್ನಾದರೂ ತಿದ್ದಿ ಪ್ರಕಟಿಸಬೇಕೆಂದು ಕೋರಿಕೆ.

ಇಂತಿ,
ತಮ್ಮ ಪತ್ರಿಕೆಯ ಒಬ್ಬ ಓದುಗ